ಮನೆಯ ನೆರೆ ಅಪಾಯ ಮತ್ತು ವಿಮೆ: ಕೈಲಾಂಚ ಹೋಬಳಿಯ ರೈತರಿಗೆ ಮಾಹಿತಿ

2022ರ ಆಗಸ್ಟ್ ಕೊನೆಯಲ್ಲಿ ಸುರಿದ ಭಾರಿ ಮಳೆಗೆ ರಾಮನಗರದ ಭಕ್ಷಿ ಕೆರೆ ಉಕ್ಕಿ ಹರಿದು, ತಗ್ಗಿನ ಮನೆಗಳಿಗೆ ನೀರು ನುಗ್ಗಿತು. ಬೆಂಗಳೂರು–ಮೈಸೂರು ಹೆದ್ದಾರಿಯೂ ಜಲಾವೃತವಾಯಿತು. ನದಿ ದೂರವಿದ್ದರೂ ಕೆರೆಯ ನೀರಿನಿಂದ ಅಪಾಯ ತಪ್ಪಿದ್ದಲ್ಲ. ಆದುದರಿಂದ ಮಳೆ ಬಿರುಸಾಗುವ ಮುನ್ನವೇ ಈ ಕ್ರಮಗಳನ್ನು ಕೈಗೊಳ್ಳಿರಿ.

ಅಪಾಯ ಗುರುತಿಸುವಿಕೆ
- ಮನೆಯು ಕೆರೆ ಏರಿಯ ಕೆಳಗೆ, ಕೋಡಿ ಹಳ್ಳದ ಬದಿಯಲ್ಲಿ ಅಥವಾ ರಾಜಕಾಲುವೆಯ ಅಂಚಿನಲ್ಲಿದೆಯೇ ಎಂದು ಪರಿಶೀಲಿಸಿರಿ.
- ಹಿಂದೆ ನೀರು ಎಲ್ಲಿಯವರೆಗೆ ಬಂದಿತ್ತೆಂದು ಊರಿನ ಹಿರಿಯರಿಂದ ತಿಳಿದು, ಗೋಡೆಯ ಮೇಲೆ ಗುರುತು ಮಾಡಿರಿ.
- ಬಿತ್ತನೆ ಬೀಜ, ಗೊಬ್ಬರ, ಚಂದ್ರಿಕೆ ಹಾಗೂ ದಾಖಲೆಗಳನ್ನು ಆ ಗುರುತಿಗಿಂತ ಎತ್ತರದಲ್ಲಿಡಿರಿ.

ವಿಮೆ
ಬೆಳೆ ವಿಮೆಯು ಮನೆಯ ನಷ್ಟವನ್ನು ಭರಿಸುವುದಿಲ್ಲ. ಸರ್ಕಾರದ ಪರಿಹಾರವು ನಿಗದಿತ ದರದ ನೆರವೇ ಹೊರತು ಮನೆ ಮರಳಿ ಕಟ್ಟುವ ಪೂರ್ಣ ವೆಚ್ಚವಲ್ಲ. 2021ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ‘ಭಾರತ್ ಗೃಹ ರಕ್ಷಾ’ ಪಾಲಿಸಿಯು ಬೆಂಕಿ, ಬಿರುಗಾಳಿಗಳ ಜೊತೆಗೆ ನೆರೆಯನ್ನೂ ಒಳಗೊಂಡಿದೆ. ಕಟ್ಟಡಕ್ಕೆ ವಿಮೆ ಮಾಡಿಸಿದರೆ, ಅದರ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷ ರೂ.ವರೆಗೆ ಗೃಹೋಪಯೋಗಿ ವಸ್ತುಗಳಿಗೂ ರಕ್ಷಣೆ ದೊರೆಯುತ್ತದೆ. ಉದಾಹರಣೆಗೆ, ಕಟ್ಟಡದ ವಿಮಾ ಮೊತ್ತ 8 ಲಕ್ಷ ರೂ. ಇದ್ದಲ್ಲಿ ವಸ್ತುಗಳಿಗೆ 1.6 ಲಕ್ಷ ರೂ. ಜಾನುವಾರುಗಳಿಗೆ ಪ್ರತ್ಯೇಕ ವಿಮೆ ಅಗತ್ಯ.

ಅರ್ಜಿಯಲ್ಲಿ ಗೋಡೆ, ಛಾವಣಿಗಳ ವಿವರವನ್ನು ಇದ್ದಂತೆಯೇ ತಿಳಿಸಿರಿ. ಕೊಟ್ಟಿಗೆ ಮತ್ತು ಹುಳು ಸಾಕಣೆ ಮನೆಗೆ ರಕ್ಷಣೆ ಉಂಟೇ ಎಂಬುದನ್ನು ಲಿಖಿತವಾಗಿ ಕೇಳಿ ಪಡೆಯಿರಿ. ಮನೆಯ ಛಾಯಾಚಿತ್ರಗಳನ್ನು ಈಗಲೇ ತೆಗೆದಿಡಿರಿ. ನಷ್ಟವಾದಲ್ಲಿ ವಿಮಾ ಕಂಪನಿಗೂ ಗ್ರಾಮ ಆಡಳಿತ ಅಧಿಕಾರಿಗೂ ಕೂಡಲೇ ತಿಳಿಸಿರಿ. ನೀರು ನುಗ್ಗಿದ ಮೇಲೆ ಮಾಡಿಸಿದ ವಿಮೆಯಿಂದ ಆಗಿಹೋದ ನಷ್ಟಕ್ಕೆ ಪರಿಹಾರ ದೊರೆಯದು.