ಮಂಗಳೂರು ಹೆಂಚಿನ ಜನಕ ಪ್ಲೆಬ್ಸ್ಟ್: ಪುತ್ತೂರು ಸೀಮೆಯ ಮಾಡು ಬದಲಿಸಿದ ಜರ್ಮನ್

ಪುತ್ತೂರು, ಸುಳ್ಯ, ಕಡಬ ಪರಿಸರದ ಹಳೆಯ ಮನೆ, ಶಾಲೆ, ಅಂಗಡಿಗಳ ಕೆಂಪು ಮಾಡನ್ನು ನೋಡಿದವರಿಗೆ ಅದು ಈ ನೆಲದಲ್ಲೇ ಹುಟ್ಟಿದ ಪದ್ಧತಿ ಎಂದೆನಿಸುವುದು ಸಹಜ. ಮಣ್ಣು ಇಲ್ಲಿಯದೇ. ಆದರೆ ಆ ಮಣ್ಣಿಗೆ ಹೆಂಚಿನ ರೂಪ ಕೊಟ್ಟವನು ಜರ್ಮನಿಯಿಂದ ಬಂದ ಜಾರ್ಜ್ ಪ್ಲೆಬ್ಸ್ಟ್. ಆತ ನಕ್ಷೆ ಬರೆಯುವ ವಾಸ್ತುಶಿಲ್ಪಿಯಲ್ಲ, ಯಂತ್ರ ಬಲ್ಲ ಮಿಷನರಿ. ಆದರೂ ಕರಾವಳಿಯ ಸಣ್ಣ ಊರುಗಳ ಕಟ್ಟಡಗಳ ಮೇಲೆ ಆತ ಬೀರಿದಷ್ಟು ಪ್ರಭಾವ ಬೀರಿದವರು ವಿರಳ.

ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದು, 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಆರಂಭಿಸಿತ್ತು. ಪ್ಲೆಬ್ಸ್ಟ್ 1851ರಲ್ಲಿ ಇಲ್ಲಿಗೆ ಬಂದದ್ದು ಈ ಮುದ್ರಣಾಲಯದ ಕೆಲಸಕ್ಕಾಗಿಯೇ. ಕನ್ನಡದ ಅಚ್ಚುಮೊಳೆಗಳನ್ನು ಸುಧಾರಿಸುವ ಕಾರ್ಯದಲ್ಲಿ ಆತನ ಪಾತ್ರವಿದೆ. ಕಿಟ್ಟೆಲ್ ನಿಘಂಟು 1894ರಲ್ಲಿ ಹೊರಬಂದದ್ದು ಇದೇ ಮುದ್ರಣಾಲಯದಿಂದ.

ಮತಾಂತರಗೊಂಡವರಲ್ಲಿ ಅನೇಕರು ತಮ್ಮ ಜಾತಿಯ ಕಸುಬನ್ನೂ ಆಸರೆಯನ್ನೂ ಕಳೆದುಕೊಳ್ಳುತ್ತಿದ್ದರು. ಅವರಿಗೆ ಜೀವನೋಪಾಯ ಕಲ್ಪಿಸುವ ಅನಿವಾರ್ಯತೆಯಿಂದ ಮಿಷನ್ ನೇಯ್ಗೆಯೇ ಮೊದಲಾದ ಉದ್ಯಮಗಳಿಗೆ ಕೈಹಾಕಿತು. ನದಿ ದಂಡೆಯ ಜೇಡಿಮಣ್ಣಿನ ಮೇಲೆ ಪ್ರಯೋಗ ನಡೆಸಿದ ಪ್ಲೆಬ್ಸ್ಟ್, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ. ಆರಂಭದಲ್ಲಿ ಮಣ್ಣು ಹದಮಾಡಲು ಎತ್ತುಗಳೇ ಆಧಾರವಾಗಿದ್ದವು. ಉಗಿಯಂತ್ರ ಬಂದದ್ದು ಅನಂತರ. ನೇತ್ರಾವತಿ ನದಿ ಮಣ್ಣು, ಸೌದೆ, ಸಾಗಣೆ ಮೂರಕ್ಕೂ ಒದಗಿತು.

ಒಂದರೊಳಗೊಂದು ಕೊಂಡಿಯಂತೆ ಕೂರುವ ಹೆಂಚನ್ನು ಫ್ರಾನ್ಸಿನ ಅಲ್ಸಾಸ್ ಪ್ರಾಂತ್ಯದ ಗಿಲಾರ್ಡೋನಿ ಸಹೋದರರು 1841ರಲ್ಲೇ ರೂಪಿಸಿದ್ದರು. ಮಂಗಳೂರು ಹೆಂಚು ಆ ಕುಲಕ್ಕೆ ಸೇರಿದ್ದು. ಸುಮಾರು 41 ಸೆಂ.ಮೀ. ಉದ್ದ, 23 ಸೆಂ.ಮೀ.ಗಿಂತ ತುಸು ಹೆಚ್ಚು ಅಗಲದ ಈ ಹೆಂಚನ್ನು ಅಚ್ಚಿನಲ್ಲಿ ಒತ್ತಿ, ನೆರಳಲ್ಲಿ ಒಣಗಿಸಿ, ಗೂಡಿನಲ್ಲಿ ಸುಡಲಾಗುತ್ತದೆ. ಮಣ್ಣಿನಲ್ಲಿರುವ ಕಬ್ಬಿಣದ ಅಂಶವೇ ಅದರ ಕೆಂಪು ಬಣ್ಣಕ್ಕೆ ಕಾರಣ.

ಪಶ್ಚಿಮಘಟ್ಟದ ಬುಡದಲ್ಲಿರುವ ಸುಳ್ಯ, ಕಡಬಗಳಿಗೆ ಇದರ ಬೆಲೆ ಚೆನ್ನಾಗಿ ಗೊತ್ತು. ಇಲ್ಲಿ ಮಳೆಗಾಲವೆಂದರೆ ತಿಂಗಳುಗಟ್ಟಲೆ ಎಡೆಬಿಡದ ಮಳೆ. ಮುಳಿಹುಲ್ಲು, ಅಡಕೆ ಸೋಗೆಯ ಮಾಡನ್ನು ಪದೇ ಪದೇ ಹೊದೆಸಬೇಕಿತ್ತು. ಬೇಸಿಗೆಯಲ್ಲಿ ಬೆಂಕಿಯ ಭಯ ಬೇರೆ. ಹೆಂಚು ಬಂದ ಮೇಲೆ ಪಕ್ಕಾಸು, ರೀಪುಗಳ ಮರಗೆಲಸ ಒಂದು ಲೆಕ್ಕಾಚಾರಕ್ಕೆ ಒಳಪಟ್ಟಿತು. ಒಡೆದ ಹೆಂಚನ್ನಷ್ಟೇ ತೆಗೆದು ಬೇರೊಂದನ್ನು ಇಟ್ಟರೆ ಸೋರಿಕೆ ನಿಲ್ಲುತ್ತಿತ್ತು. ಮಣ್ಣಿನ ಗೋಡೆಯ ಆಯುಸ್ಸೂ ಹೆಚ್ಚಿತು.

ಉದ್ಯಮ ಮಿಷನ್ ಕೈಯಲ್ಲಷ್ಟೇ ಉಳಿಯಲಿಲ್ಲ. 1868ರಲ್ಲಿ ಆಲ್ಬುಕರ್ಕ್ ಕುಟುಂಬ ಹೆಂಚಿನ ತಯಾರಿಕೆಗೆ ಇಳಿಯಿತು. ಮಿಷನ್ 1882ರಲ್ಲಿ ಕುದ್ರೋಳಿ, 1886ರಲ್ಲಿ ಮಲ್ಪೆಯಲ್ಲಿ ಕಾರ್ಖಾನೆ ತೆರೆಯಿತು. ಹೆಂಚು ಸಿಲೋನ್, ಬರ್ಮಾ, ಪೂರ್ವ ಆಫ್ರಿಕಾಗಳಿಗೂ ಹಡಗೇರಿತು. ಮೊದಲ ಮಹಾಯುದ್ಧ ಜರ್ಮನ್ ಮಿಷನರಿಗಳ ಆಡಳಿತವನ್ನು ಕೊನೆಗಾಣಿಸಿತು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್‌ಗೆ ಹಸ್ತಾಂತರವಾದವು.

ಕಾಂಕ್ರೀಟ್ ಛಾವಣಿಯ ಪೈಪೋಟಿ, ಜೇಡಿಮಣ್ಣಿನ ಅಭಾವಗಳಿಂದ ಮುಂದೆ ಕರಾವಳಿಯ ಹಲವು ಕಾರ್ಖಾನೆಗಳು ಬಾಗಿಲು ಮುಚ್ಚಿದವು. ಹಳೆಯ ಮನೆ ಕೆಡವುವಾಗ ಹೆಂಚನ್ನು ಕಾಪಾಡಿ ಮರುಬಳಸುವವರಿದ್ದಾರೆ. ಚೂರುಮಾಡಿ ಅಂಗಳಕ್ಕೆ ತುಂಬುವವರೂ ಇದ್ದಾರೆ. ಹೆಂಚನ್ನು ಮಗುಚಿದರೆ ಅದರ ಬೆನ್ನಿನ ಮೇಲೆ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಒಂದು ಮನೆ ಯಾವ ಕಾಲದ್ದೆಂದು ಅಂದಾಜಿಸಲು ಅದೂ ಒಂದು ದಾಖಲೆ. ಪ್ಲೆಬ್ಸ್ಟ್ ಹೆಸರು ಅದರಲ್ಲಿಲ್ಲ. ಆತನ ಕೆಲಸ ಮಾತ್ರ ಈ ಸೀಮೆಯ ಹಳೆಯ ಮಾಡುಗಳ ಮೇಲೆ ಇನ್ನೂ ಮಳೆಗೆ ಮೈಯೊಡ್ಡಿ ನಿಂತಿದೆ.