ಅಳತೆ ತಪ್ಪಿದರೆ ಔಷಧವೂ ಅಪಾಯ: ಮಕ್ಕಳ ಏಕಾಗ್ರತೆಯ ಮಾತ್ರೆಗಳ ಚರಿತ್ರೆ

ಔಷಧಕ್ಕೆ ಗುಣ ಬರುವುದು ಅದರಲ್ಲಿರುವ ದ್ರವ್ಯದಿಂದ ಮಾತ್ರವಲ್ಲ, ಅದನ್ನು ಕೊಡುವವರ ಎಚ್ಚರದಿಂದಲೂ ಹೌದು. ಇಪ್ಪತ್ತನೆಯ ಶತಮಾನದ ವೈದ್ಯಕೀಯ ಚರಿತ್ರೆಯಲ್ಲಿ ಈ ಮಾತಿಗೆ ಉತ್ತೇಜಕ ಔಷಧಗಳಷ್ಟು ಸ್ಪಷ್ಟವಾದ ನಿದರ್ಶನಗಳು ವಿರಳ. ಒಂದೇ ವರ್ಗಕ್ಕೆ ಸೇರಿದ ದ್ರವ್ಯಗಳು ಒಂದು ಕಡೆ ಪಾಠದಲ್ಲಿ ಮನಸ್ಸು ನಿಲ್ಲಿಸಲಾರದ ಮಕ್ಕಳಿಗೆ ಆಸರೆಯಾದವು. ಮತ್ತೊಂದು ಕಡೆ ಒಂದು ದೇಶದ ಯುವಜನರನ್ನು ಚಟದ ಕೂಪಕ್ಕೆ ನೂಕಿದವು. ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ, ಅಂದರೆ ಎ.ಡಿ.ಎಚ್.ಡಿ., ಇರುವ ಮಗುವಿಗೆ ವೈದ್ಯರು ಇಂತಹ ಮಾತ್ರೆಯನ್ನು ಬರೆದುಕೊಟ್ಟಾಗ ತಂದೆತಾಯಿಗಳ ಮನಸ್ಸು ತೂಗುಯ್ಯಾಲೆಯಾಗುವುದು ಸಹಜ. ಅಂತಹವರಿಗೆ ಈ ಚರಿತ್ರೆಯ ಅರಿವು ಪ್ರಯೋಜನಕಾರಿ.

ಆಂಫೆಟಮಿನ್ ಎಂಬ ರಾಸಾಯನಿಕವನ್ನು ರುಮೇನಿಯಾದ ಲಾಜಾರ್ ಎಡೆಲಿಯಾನು 1887ರಲ್ಲಿ ಬರ್ಲಿನ್ ನಗರದಲ್ಲಿ ಸಿದ್ಧಪಡಿಸಿದರು. ಅದರ ಉಪಯೋಗ ತಿಳಿಯದೆ ನಾಲ್ಕು ದಶಕಗಳೇ ಕಳೆದವು. 1929ರಲ್ಲಿ ಅಮೆರಿಕದ ಗಾರ್ಡನ್ ಆಲಿಸ್ ಅದನ್ನು ತಮ್ಮ ದೇಹದ ಮೇಲೆಯೇ ಪ್ರಯೋಗಿಸಿ ಅದರ ಪರಿಣಾಮಗಳನ್ನು ದಾಖಲಿಸಿದರು. ಮುಂದೆ ಸ್ಮಿತ್, ಕ್ಲೈನ್ ಅಂಡ್ ಫ್ರೆಂಚ್ ಕಂಪನಿಯು ‘ಬೆಂಜೆಡ್ರಿನ್’ ಎಂಬ ಹೆಸರಿನಲ್ಲಿ ಮೊದಲು ಮೂಗು ಕಟ್ಟುವುದಕ್ಕೆ ಸೇದುವ ಔಷಧವನ್ನೂ ಅನಂತರ ಮಾತ್ರೆಯನ್ನೂ ಮಾರುಕಟ್ಟೆಗೆ ತಂದಿತು.

ಈ ಔಷಧವು ಮಕ್ಕಳನ್ನು ತಲುಪಿದ್ದು ಒಂದು ದಾನದ ಮೂಲಕ ಎಂಬುದು ಗಮನಾರ್ಹ. ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಉದ್ಯಮಿ ಜಾರ್ಜ್ ಬ್ರಾಡ್ಲಿ ಅವರ ಏಕಮಾತ್ರ ಪುತ್ರಿ ಎಮ್ಮಾ ಪೆಂಡಲ್ಟನ್ ಬ್ರಾಡ್ಲಿ ಏಳನೆಯ ವಯಸ್ಸಿನಲ್ಲಿ ಮಿದುಳಿನ ಉರಿಯೂತಕ್ಕೆ ತುತ್ತಾಗಿ ಶಾಶ್ವತ ಅಂಗವೈಕಲ್ಯಕ್ಕೆ ಒಳಗಾದಳು. ಸಂಪತ್ತು ಬೇಕಾದಷ್ಟಿತ್ತು, ಆದರೆ ಅವಳಿಗೆ ಯೋಗ್ಯವಾದ ಚಿಕಿತ್ಸಾಲಯ ಎಲ್ಲಿಯೂ ಇರಲಿಲ್ಲ. ತಮ್ಮ ಮಗಳಿಗೆ ದೊರೆಯದಿದ್ದುದು ಅನ್ಯರ ಮಕ್ಕಳಿಗಾದರೂ ದೊರೆಯಲಿ ಎಂದು ಆ ದಂಪತಿಗಳು ತಮ್ಮ ಆಸ್ತಿಯನ್ನು ಮೀಸಲಿಟ್ಟರು. ಅದರ ಫಲವಾಗಿ 1931ರಲ್ಲಿ ಈಸ್ಟ್ ಪ್ರಾವಿಡೆನ್ಸ್ ಎಂಬಲ್ಲಿ ಎಮ್ಮಾಳ ಹೆಸರಿನ ಮಕ್ಕಳ ಮನೋಚಿಕಿತ್ಸಾಲಯ ತೆರೆಯಿತು.

ಅದೇ ವಂಶದ ಡಾ. ಚಾರ್ಲ್ಸ್ ಬ್ರಾಡ್ಲಿ ಅಲ್ಲಿಯ ವೈದ್ಯರಾಗಿದ್ದರು. ಆ ಕಾಲದಲ್ಲಿ ಮಿದುಳಿನ ಕ್ಷ-ಕಿರಣ ಚಿತ್ರ ತೆಗೆಯಲು ಬೆನ್ನುಹುರಿಯ ಸುತ್ತಲಿನ ದ್ರವವನ್ನು ಹೊರತೆಗೆಯಬೇಕಾಗಿತ್ತು; ಅದರಿಂದ ಮಕ್ಕಳಿಗೆ ಅಸಹನೀಯ ತಲೆನೋವು ಬರುತ್ತಿತ್ತು. ಬೆಂಜೆಡ್ರಿನ್ ಕೊಟ್ಟರೆ ಆ ದ್ರವ ಬೇಗ ತುಂಬಿಕೊಂಡೀತೆಂದು ಬ್ರಾಡ್ಲಿ ಎಣಿಸಿದರು. ತಲೆನೋವು ಹೆಚ್ಚೇನೂ ಇಳಿಯಲಿಲ್ಲ. ಆದರೆ ಕೆಲವು ಮಕ್ಕಳ ಓದು ಇದ್ದಕ್ಕಿದ್ದಂತೆ ಸುಧಾರಿಸಿದುದನ್ನು ಶಿಕ್ಷಕರು ಕಂಡರು. 1937ರಲ್ಲಿ ಅವರು 5ರಿಂದ 14 ವರ್ಷದೊಳಗಿನ 30 ಮಕ್ಕಳ ಅಧ್ಯಯನವನ್ನು ಪ್ರಕಟಿಸಿದರು. ಒಂದು ವಾರ ಔಷಧವಿಲ್ಲದೆ, ಒಂದು ವಾರ ಔಷಧದೊಡನೆ, ಮತ್ತೊಂದು ವಾರ ಮರಳಿ ಔಷಧವಿಲ್ಲದೆ ಮಕ್ಕಳನ್ನು ಗಮನಿಸಲಾಯಿತು. 14 ಮಕ್ಕಳ ಶಾಲಾ ಕೆಲಸದಲ್ಲಿ ಬೆರಗಾಗುವಷ್ಟು ಪ್ರಗತಿ ಕಂಡಿತು. ಔಷಧ ನಿಲ್ಲಿಸಿದ ದಿನವೇ ಅದು ಮರೆಯಾಯಿತು. ಆದರೂ ಬ್ರಾಡ್ಲಿ ಹಿಗ್ಗಲಿಲ್ಲ. ವಿವೇಚನೆಯಿಲ್ಲದೆ ಬಳಸಿದರೆ ಲಕ್ಷಣ ಮಾತ್ರ ಅಡಗಿ ತೊಂದರೆಯ ಮೂಲ ಮರೆಯಾಗಬಹುದೆಂದು ಅವರು ಅಂದೇ ಎಚ್ಚರಿಸಿದ್ದರು.

ಚಂಚಲ ಮಗುವಿಗೆ ಉತ್ತೇಜಕ ಕೊಟ್ಟರೆ ಚಾಂಚಲ್ಯ ಇಮ್ಮಡಿಸಬೇಕಲ್ಲವೆ ಎಂಬ ಸಂದೇಹ ಯಾರಿಗೂ ಬರುತ್ತದೆ. ಈ ಔಷಧಗಳು ಮಿದುಳಿನಲ್ಲಿ ಡೋಪಮಿನ್ ಮತ್ತು ನಾರ್‌ಅಡ್ರಿನಲಿನ್ ಎಂಬ ಸಂದೇಶವಾಹಕ ದ್ರವ್ಯಗಳ ಪ್ರಮಾಣವನ್ನು ಹೆಚ್ಚಿಸುತ್ತವೆ. ಸಣ್ಣ ಪ್ರಮಾಣದಲ್ಲಿ ಅವು ಮನಸ್ಸಿನ ಕಡಿವಾಣ ಹಿಡಿಯುವ ಭಾಗಕ್ಕೆ ಬಲ ಕೊಡುತ್ತವೆ. ಪ್ರಮಾಣ ಮೀರಿದಾಗ ಅದೇ ದ್ರವ್ಯ ಉನ್ಮಾದವನ್ನೂ ಚಟವನ್ನೂ ತರುತ್ತದೆ. ಹಿತ ಅಹಿತಗಳ ನಡುವಿನ ಗಡಿರೇಖೆ ಇಲ್ಲಿ ಅಳತೆಯೇ.

ಆ ಅಳತೆ ತಪ್ಪಿದರೆ ಏನಾಗುವುದೆಂಬುದನ್ನು ಜಪಾನ್ ದೇಶ ಅನುಭವಿಸಿತು. ಆಂಫೆಟಮಿನ್‌ನ ಸಮೀಪದ ಬಂಧುವಾದ ಮೆಥಾಂಫೆಟಮಿನ್ ಅಲ್ಲಿ 1941ರಿಂದ ‘ಹಿರೋಪಾನ್’ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿತ್ತು. ಯುದ್ಧಕಾಲದಲ್ಲಿ ಸೈನಿಕರೂ ಕಾರ್ಖಾನೆಯ ಕೆಲಸಗಾರರೂ ಅದನ್ನು ಸೇವಿಸಿದರು. ಯುದ್ಧ ಮುಗಿದ ಮೇಲೆ ಉಳಿದ ದಾಸ್ತಾನು ಪೇಟೆಗೆ ಹರಿಯಿತು. ವೈದ್ಯರ ಚೀಟಿಯಿಲ್ಲ, ಪ್ರಮಾಣದ ಲೆಕ್ಕವಿಲ್ಲ, ಯಾರ ನಿಗಾವೂ ಇಲ್ಲ. 1951ರಲ್ಲಿ ಸರ್ಕಾರ ಉತ್ತೇಜಕಗಳ ನಿಯಂತ್ರಣ ಕಾಯಿದೆಯನ್ನು ತಂದಿತು. 1954ರ ಒಂದೇ ವರ್ಷದಲ್ಲಿ ಆ ಕಾಯಿದೆಯಡಿ 55,000ಕ್ಕೂ ಹೆಚ್ಚು ಮಂದಿ ಬಂಧಿತರಾದರು. ವೈದ್ಯರ ಚೀಟಿಯಿದ್ದರೂ ಆಂಫೆಟಮಿನ್ ಮಾತ್ರೆಗಳನ್ನು ಜಪಾನಿಗೆ ಒಯ್ಯುವುದು ಇಂದಿಗೂ ಅಪರಾಧ. ಅಮೆರಿಕದಿಂದ ಆ ದೇಶದ ಮಾರ್ಗವಾಗಿ ಪ್ರಯಾಣಿಸುವ ಕುಟುಂಬಗಳು ಇದನ್ನು ನೆನಪಿನಲ್ಲಿಡಬೇಕು.

ಈ ನಡುವೆ 1944ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ಲಿಯಾಂಡ್ರೊ ಪಾನಿಜಾನ್ ಮಿಥೈಲ್‌ಫೆನಿಡೇಟ್ ಎಂಬ ಇನ್ನೊಂದು ಉತ್ತೇಜಕವನ್ನು ತಯಾರಿಸಿದರು. ಅವರ ಪತ್ನಿಯ ಅಡ್ಡಹೆಸರಾದ ರೀಟಾ ಎಂಬುದರಿಂದ ಅದಕ್ಕೆ ‘ರಿಟಾಲಿನ್’ ಎಂಬ ಹೆಸರು ಬಂತು. 1960ರ ದಶಕದಲ್ಲಿ ಅದು ಅಮೆರಿಕದ ಮಕ್ಕಳ ಚಿಕಿತ್ಸೆಯಲ್ಲಿ ನೆಲೆಯೂರಿತು. 1970ರ ಜೂನ್ ತಿಂಗಳಿನಲ್ಲಿ ಒಮಾಹಾ ನಗರದ ಶಾಲಾಮಕ್ಕಳಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿಗೆ ಇಂತಹ ಔಷಧ ಕೊಡಲಾಗುತ್ತಿದೆ ಎಂಬ ಪತ್ರಿಕಾ ವರದಿ ಜನರನ್ನು ಕೆರಳಿಸಿತು. ಅಮೆರಿಕದ ಸಂಸತ್ತಿನಲ್ಲಿ ವಿಚಾರಣೆಯೂ ನಡೆಯಿತು. ಆ ಅಂಕಿ ಉತ್ಪ್ರೇಕ್ಷಿತವೆಂದು ಆಮೇಲೆ ತಿಳಿಯಿತು. ಔಷಧದಂತೆಯೇ ಭೀತಿಗೂ ಅಳತೆ ಬೇಕೆಂಬುದಕ್ಕೆ ಇದು ಸಾಕ್ಷಿ. ಆದರೂ ನಿಯಂತ್ರಣ ಅಗತ್ಯವಾಗಿತ್ತು. 1971ರ ವಿಶ್ವಸಂಸ್ಥೆಯ ಒಡಂಬಡಿಕೆಯು ಆಂಫೆಟಮಿನ್, ಮಿಥೈಲ್‌ಫೆನಿಡೇಟ್ ಎರಡನ್ನೂ ಕಟ್ಟುನಿಟ್ಟಾದ ಪಟ್ಟಿಗೆ ಸೇರಿಸಿತು. ಭಾರತದಲ್ಲಿಯೂ ಇವೆರಡೂ 1985ರ ಮಾದಕ ವಸ್ತು ಮತ್ತು ಮನೋಪರಿಣಾಮಕ ವಸ್ತುಗಳ ಕಾಯಿದೆಯ ಪಟ್ಟಿಯಲ್ಲಿವೆ.

ಈ ಚರಿತ್ರೆಯ ಅತ್ಯಂತ ಮುಖ್ಯವಾದ ಪಾಠ 1999ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿದೆ. 579 ಮಕ್ಕಳನ್ನು ನಾಲ್ಕು ಗುಂಪು ಮಾಡಿ 14 ತಿಂಗಳ ಚಿಕಿತ್ಸೆಯ ಫಲವನ್ನು ನೋಡಲಾಯಿತು. ಮೊದಲ ಗುಂಪಿಗೆ ಎಚ್ಚರದಿಂದ ಅಳೆದುಕೊಟ್ಟ ಔಷಧ, ಎರಡನೆಯದಕ್ಕೆ ನಡವಳಿಕೆಯ ತರಬೇತಿ, ಮೂರನೆಯದಕ್ಕೆ ಎರಡೂ. ನಾಲ್ಕನೆಯ ಗುಂಪಿನವರು ತಮ್ಮ ಊರಿನ ಎಂದಿನ ವೈದ್ಯರ ಬಳಿಗೆ ಹೋದರು. ಈ ನಾಲ್ಕನೆಯ ಗುಂಪಿನಲ್ಲಿಯೂ ಸುಮಾರು ಮೂರರಲ್ಲಿ ಎರಡು ಪಾಲು ಮಕ್ಕಳು ಮಾತ್ರೆಯನ್ನೇ ಸೇವಿಸುತ್ತಿದ್ದರು. ಆದರೂ ಮೊದಲ ಗುಂಪಿನಷ್ಟು ಗುಣ ಅವರಲ್ಲಿ ಕಾಣಲಿಲ್ಲ. ಮೊದಲ ಗುಂಪಿನಲ್ಲಿ ಸರಿಯಾದ ಪ್ರಮಾಣವನ್ನು ಹಂತಹಂತವಾಗಿ ಗೊತ್ತುಮಾಡಲಾಗಿತ್ತು; ವೈದ್ಯರು ತಿಂಗಳಿಗೊಮ್ಮೆ ಅರ್ಧ ಗಂಟೆ ಮಗುವನ್ನು ನೋಡುತ್ತಿದ್ದರು, ಶಿಕ್ಷಕರ ಅಭಿಪ್ರಾಯ ಕೇಳುತ್ತಿದ್ದರು. ಊರಿನ ವೈದ್ಯರ ಭೇಟಿ ವರ್ಷಕ್ಕೆ ಒಂದೆರಡು ಸಲ ಮಾತ್ರ. ಔಷಧ ಬಹುಮಟ್ಟಿಗೆ ಒಂದೇ, ನಿಗಾ ಬೇರೆ, ಫಲವೂ ಬೇರೆ. ಔಷಧದೊಡನೆ ತರಬೇತಿಯೂ ದೊರೆತ ಮಕ್ಕಳಿಗೆ ಇನ್ನೂ ಕಡಿಮೆ ಪ್ರಮಾಣವೇ ಸಾಕಾಯಿತು. ಅಧ್ಯಯನದ ವಿಶೇಷ ನಿಗಾ ಮುಗಿದ ಮೇಲೆ, ಮೂರನೆಯ ವರ್ಷದ ಹೊತ್ತಿಗೆ, ಗುಂಪುಗಳ ನಡುವಣ ಅಂತರ ಅಳಿಸಿಹೋಗಿತ್ತೆಂಬುದೂ ಸತ್ಯವೇ. ಮಾತ್ರೆಯು ಊರುಗೋಲೇ ಹೊರತು ಕಾಲಲ್ಲ.

ಅಪಾಯಗಳ ವಿಷಯದಲ್ಲಿ ಮುಚ್ಚುಮರೆ ಸಲ್ಲದು. ಹಸಿವು ಇಂಗುವುದು, ನಿದ್ರೆ ತಡವಾಗುವುದು, ಹೊಟ್ಟೆನೋವು, ತಲೆನೋವು ಸಾಮಾನ್ಯ. ನಾಡಿಬಡಿತ, ರಕ್ತದೊತ್ತಡಗಳು ತುಸು ಏರುತ್ತವೆ. ಮೇಲೆ ಹೇಳಿದ ಅಧ್ಯಯನದಲ್ಲಿಯೇ ಹೊಸದಾಗಿ ಔಷಧ ಆರಂಭಿಸಿದ ಮಕ್ಕಳು, ಔಷಧ ಸೇವಿಸದವರಿಗಿಂತ ಮೂರು ವರ್ಷಗಳಲ್ಲಿ ಸುಮಾರು 2 ಸೆಂಟಿಮೀಟರ್ ಕಡಿಮೆ ಬೆಳೆದಿದ್ದರು. ಅಪರೂಪವಾಗಿ ಇಲ್ಲದ್ದು ಕಾಣುವ, ಕೇಳುವ ಭ್ರಮೆಯುಂಟಾಗಬಹುದು. ಹೃದಯದ ಬಗ್ಗೆ ಇದ್ದ ಆತಂಕಕ್ಕೆ 2011ರಲ್ಲಿ ಸಮಾಧಾನ ದೊರೆಯಿತು: 12 ಲಕ್ಷ ಮಕ್ಕಳು ಹಾಗೂ ತರುಣರ ದಾಖಲೆಗಳಲ್ಲಿ ಗಂಭೀರ ಹೃದಯಾಘಾತಗಳು ಹೆಚ್ಚಿದುದಕ್ಕೆ ಆಧಾರ ಸಿಗಲಿಲ್ಲ. ಆದರೂ ಹುಟ್ಟಿನಿಂದ ಹೃದಯದೋಷವಿದ್ದರೆ, ವಂಶದಲ್ಲಿ ಎಳೆಯ ವಯಸ್ಸಿನ ಹಠಾತ್ ಮರಣ ಸಂಭವಿಸಿದ್ದರೆ ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಮಗು ಸೇವಿಸುವ ಇತರ ಎಲ್ಲ ಔಷಧಗಳನ್ನೂ ಹೇಳಬೇಕು. ಎತ್ತರ, ತೂಕ, ನಾಡಿ, ರಕ್ತದೊತ್ತಡಗಳನ್ನು ಕಾಲಕಾಲಕ್ಕೆ ಅಳೆದು ಬರೆದಿಡುವುದು ಅಂಗಡಿಯ ಖಾತೆಯಷ್ಟೇ ಅಗತ್ಯ. ಪ್ರಮಾಣವನ್ನು ಮನೆಯವರೇ ಏರಿಸುವುದಾಗಲಿ ಇಳಿಸುವುದಾಗಲಿ, ದಿನವಿಡೀ ಕೆಲಸ ಮಾಡುವ ಮಾತ್ರೆಯನ್ನು ಪುಡಿ ಮಾಡುವುದಾಗಲಿ ಕೂಡದು.

ಔಷಧದಾನವು ಚತುರ್ವಿಧ ದಾನಗಳಲ್ಲಿ ಒಂದು. ಅದನ್ನು ನಡೆಸಿಕೊಂಡು ಬಂದ ಮನೆಗಳಿಗೂ ಬಸದಿಯ ಟ್ರಸ್ಟುಗಳಿಗೂ ಇಲ್ಲಿ ಒಂದು ಎಚ್ಚರಿಕೆ ಸಲ್ಲುತ್ತದೆ. ದಾನಕ್ಕೆ ಪಾತ್ರವಿಚಾರ ಮುಖ್ಯ. ಈ ಔಷಧಕ್ಕಾದರೋ ಚೀಟಿಯಲ್ಲಿ ಹೆಸರಿರುವ ರೋಗಿಯೊಬ್ಬನೇ ಪಾತ್ರ. 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು ಇವುಗಳ ಎಚ್ಚರಿಕೆಯನ್ನು ಬಿಗಿಗೊಳಿಸಿದಾಗ, ದುರುಪಯೋಗ ಮಾಡುವವರಲ್ಲಿ ಹೆಚ್ಚಿನವರಿಗೆ ಮಾತ್ರೆ ದೊರೆಯುವುದು ಮನೆಯವರಿಂದ ಅಥವಾ ಗೆಳೆಯರಿಂದಲೇ ಎಂದು ಹೇಳಿತು. ಪರೀಕ್ಷೆಯ ಹಿಂದಿನ ರಾತ್ರಿ ಅಣ್ಣನ ಮಾತ್ರೆ ತಮ್ಮನ ಕೈಸೇರುವುದು ಸ್ನೇಹವಲ್ಲ. ಅದು ನಿದ್ರೆಯನ್ನು ಕೆಡಿಸೀತು, ಹೃದಯಕ್ಕೆ ಭಾರವಾದೀತು, ಚಟಕ್ಕೆ ಬಾಗಿಲು ತೆರೆದೀತು, ಬುದ್ಧಿಯನ್ನಂತೂ ಬೆಳೆಸದು. ಆದುದರಿಂದ ಮಾತ್ರೆಗಳನ್ನು ಬೀಗದೊಳಗಿಟ್ಟು ಎಣಿಸಿ ಕೊಡಬೇಕು. ಉಳಿದವನ್ನು ಧರ್ಮಾರ್ಥ ಔಷಧಾಲಯದ ಪೆಟ್ಟಿಗೆಗೆ ಹಾಕದೆ, ಏನು ಮಾಡಬೇಕೆಂದು ವೈದ್ಯರನ್ನೇ ಕೇಳಬೇಕು.

ಮಗು ತುಂಟನೆಂಬ ಮಾತ್ರಕ್ಕೆ ಮಾತ್ರೆ ಬೇಡುವುದು ಒಂದು ತಪ್ಪು. ಪರೀಕ್ಷಿಸಿದ ವೈದ್ಯರು ಅಗತ್ಯವೆಂದು ಹೇಳಿದರೂ ನೆರೆಹೊರೆಯವರ ಮಾತಿಗಂಜಿ ಮಗುವನ್ನು ಸೋಮಾರಿಯೆಂದು ಹಳಿಯುತ್ತ ಚಿಕಿತ್ಸೆ ತಪ್ಪಿಸುವುದು ಅಷ್ಟೇ ದೊಡ್ಡ ತಪ್ಪು. ತನ್ನದಲ್ಲದ ದೋಷಕ್ಕೆ ದಿನವೂ ಬೈಗುಳ ತಿನ್ನುವ ಮಗುವಿನ ನೋವೂ ಹಿಂಸೆಯೇ. ಬ್ರಾಡ್ಲಿಯ ಆಸ್ಪತ್ರೆಯಲ್ಲಿ ಆ ಗುಣವನ್ನು ಮೊದಲು ಕಂಡದ್ದು ಮಕ್ಕಳನ್ನು ದಿನವೂ ನೋಡುತ್ತಿದ್ದ ಶಿಕ್ಷಕರ ಕಣ್ಣು. ಆ ಕಣ್ಣು ಜಾಗೃತವಾಗಿದ್ದಲ್ಲಿ ಔಷಧ ಹಿತವಾಯಿತು; ಮುಚ್ಚಿದಲ್ಲಿ ಅಹಿತವಾಯಿತು. ಮನೆಯಲ್ಲಿ ಆ ಕಣ್ಣಾಗಬೇಕಾದವರು ತಂದೆತಾಯಿಗಳು.