ಕಾಪಿ ಮಾಡಿದ ಪಠ್ಯ ಕೈತಪ್ಪದಿರಲು: ರೈಟರ್‌ನಲ್ಲಿ ನಮ್ಮದೇ ಕೀಲಿಗಳು

ಸಂಘದ ಪ್ರಕಟಣೆ, ಆಮಂತ್ರಣ, ಮನವಿಗಳನ್ನು ಟೈಪ್ ಮಾಡಿಕೊಡುವ ಸದಸ್ಯರಿಗಾಗಿ ಈ ಮಾಹಿತಿ. ನಾವು ಬಳಸುವುದು ಲಿಬ್ರೆ ಆಫೀಸಿನ ರೈಟರ್. ಹಣ ಕೊಡಬೇಕಾಗಿಲ್ಲ, ಕನ್ನಡ ಯೂನಿಕೋಡ್ ಸರಿಯಾಗಿ ಮೂಡುತ್ತದೆ.

ಮೊದಲು ನಮ್ಮದೇ ತಪ್ಪನ್ನು ಒಪ್ಪಿಕೊಳ್ಳುತ್ತೇವೆ. ಹಿಂದೊಮ್ಮೆ ಶ್ರದ್ಧಾಂಜಲಿ ಸಭೆಯ ಸೂಚನೆ ಸಿದ್ಧಪಡಿಸುವಾಗ ಅಗಲಿದವರ ಹೆಸರನ್ನು ಕಾಪಿ ಮಾಡಿಕೊಂಡಿದ್ದೆವು. ನಡುವೆ, ಅಧ್ಯಕ್ಷತೆ ವಹಿಸುವ ಹಿರಿಯರ ಹೆಸರು ತಪ್ಪು ಸಾಲಿನಲ್ಲಿ ಕಂಡಿತೆಂದು ಅದನ್ನು ಕಟ್ ಮಾಡಿ ಸರಿಯಾದ ಜಾಗದಲ್ಲಿಟ್ಟೆವು. ಆಮೇಲೆ ಪೇಸ್ಟ್ ಒತ್ತಿದರೆ ಅಗಲಿದವರ ಜಾಗದಲ್ಲಿ ಕುಳಿತದ್ದು ಆ ಹಿರಿಯರ ಹೆಸರೇ. ಓದಿ ನೋಡದೆ ಕಳುಹಿಸಿಬಿಟ್ಟೆವು. ಮರುದಿನ ಬೆಳಗ್ಗೆ ಅವರದೇ ಫೋನು: "ನಾನಿನ್ನೂ ಇದ್ದೇನೆ ಮಾರಾಯ್ರೇ!" ಅವರು ನಕ್ಕರು. ಮನೆಯವರು ನಗಲಿಲ್ಲ.

ಗಣಕದ ಕ್ಲಿಪ್‌ಬೋರ್ಡಿನಲ್ಲಿ ಸಾಮಾನ್ಯವಾಗಿ ಒಮ್ಮೆಗೆ ಒಂದೇ ತುಣುಕು ನಿಲ್ಲುತ್ತದೆ. ಕಾಪಿ ಮಾಡಿದರೂ ಅಷ್ಟೇ, ಕಟ್ ಮಾಡಿದರೂ ಅಷ್ಟೇ, ಹೊಸದು ಬಂದೊಡನೆ ಹಳೆಯದು ಹೋಯಿತು. ಈ ಕಟ್, ಕಾಪಿ, ಪೇಸ್ಟ್ ಕ್ರಮವನ್ನು 1970ರ ದಶಕದಲ್ಲಿ ಅಮೆರಿಕದ ಝೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ರೂಪಿಸಿದವರು ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್. ಕತ್ತರಿ, ಗೋಂದು ಹಿಡಿದು ಕರಡು ಜೋಡಿಸಿದ ಗುಮಾಸ್ತರಾದ ನಮಗೆ ಕೆಲಸವೇನೂ ಹೊಸತಲ್ಲ. ಆದರೆ ಆಗ ಕತ್ತರಿಸಿದ ಚೀಟಿ ಮೇಜಿನ ಮೇಲೇ ಬಿದ್ದಿರುತ್ತಿತ್ತು.

ಆ ಮೇಜು ಈಗ ವಿಂಡೋಸ್‌ನಲ್ಲೂ ಇದೆ. ವಿಂಡೋಸ್ ಕೀಲಿ ಮತ್ತು ವಿ ಒಟ್ಟಿಗೆ ಒತ್ತಿ, ಮೊದಲ ಸಲ ಕೇಳಿದಾಗ ಒಪ್ಪಿಗೆ ಕೊಡಿ. ಅಂದಿನಿಂದ ಕಾಪಿ ಮಾಡಿದ ಕೊನೆಯ 25 ತುಣುಕುಗಳು ಪಟ್ಟಿಯಾಗಿ ಸಿಗುತ್ತವೆ. 2018ರಲ್ಲಿ ವಿಂಡೋಸ್ 10ಕ್ಕೆ ಬಂದ ಸೌಲಭ್ಯವಿದು. ಪಿನ್ ಮಾಡಿದವು ಮಾತ್ರ ಗಣಕ ಆರಿಸಿ ಹಚ್ಚಿದ ಮೇಲೂ ಉಳಿಯುತ್ತವೆ. ಒಂದು ಎಚ್ಚರಿಕೆ: ಸದಸ್ಯರ ಆಧಾರ್ ಸಂಖ್ಯೆ ಕಾಪಿ ಮಾಡಿದ್ದರೆ ಅದೂ ಪಟ್ಟಿಯಲ್ಲಿ ಕುಳಿತಿರುತ್ತದೆ. ಹಲವರು ಬಳಸುವ ಗಣಕವಾದರೆ ಏಳುವ ಮುನ್ನ 'ಕ್ಲಿಯರ್ ಆಲ್' ಒತ್ತಿ.

ಇನ್ನು ನಮ್ಮದೇ ಕೀಲಿ. ವಾಟ್ಸಾಪ್, ಮಿಂಚಂಚೆ, ಮಲಯಾಳದ ಸರಕಾರಿ ಸುತ್ತೋಲೆ ಹೀಗೆ ಹತ್ತು ಕಡೆಯಿಂದ ತಂದು ಅಂಟಿಸಿದರೆ ಹತ್ತು ಬಗೆಯ ಅಕ್ಷರ, ಬಣ್ಣ, ಗಾತ್ರ ಜತೆಗೇ ಬರುತ್ತವೆ. ಬರಿಯ ಪಠ್ಯವನ್ನಷ್ಟೇ ಇಳಿಸುವ ಆಜ್ಞೆ ರೈಟರ್‌ನಲ್ಲಿದೆ, ಆದರೆ ಅದಕ್ಕೆ ಕಂಟ್ರೋಲ್, ಆಲ್ಟ್, ಶಿಫ್ಟ್, ವಿ ನಾಲ್ಕನ್ನೂ ಒತ್ತಬೇಕು. ನಮ್ಮ ವಯಸ್ಸಿನ ಬೆರಳಿಗೆ ಅದು ಕಸರತ್ತೇ ಸರಿ. ಟೂಲ್ಸ್ ಮೆನುವಿನಲ್ಲಿ ಕಸ್ಟಮೈಸ್ ತೆರೆದು ಕೀಬೋರ್ಡ್ ವಿಭಾಗಕ್ಕೆ ಹೋಗಿ. ಮೇಲಿನ ಪಟ್ಟಿಯಲ್ಲಿ ಕಂಟ್ರೋಲ್-ಶಿಫ್ಟ್-ವಿ ಆರಿಸಿ. ಕೆಳಗೆ ಎಡಿಟ್ ವರ್ಗದಲ್ಲಿ 'ಪೇಸ್ಟ್ ಅನ್‌ಫಾರ್ಮ್ಯಾಟೆಡ್ ಟೆಕ್ಸ್ಟ್' ಹುಡುಕಿ, ಅಸೈನ್ ಒತ್ತಿ ಓಕೆ ಕೊಡಿ. ಹಳೆಯ ಆವೃತ್ತಿಗಳಲ್ಲಿ ಆ ಗುಂಡಿಯ ಹೆಸರು ಮಾಡಿಫೈ. ಆ ಕೀಲಿಗೆ ಮೊದಲಿದ್ದ ಪೇಸ್ಟ್ ಸ್ಪೆಷಲ್ ಕೆಲಸ ತಪ್ಪುತ್ತದೆ, ಬೇಕಾದರೆ ಎಡಿಟ್ ಮೆನುವಿನಲ್ಲಿ ಸಿಗುತ್ತದೆ.

ಆದರೆ ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಲೇಖನಕ್ಕೆ ಈ ಕೀಲಿ ಒತ್ತಲೇಬೇಡಿ. ಅಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಅದನ್ನು ಕನ್ನಡವಾಗಿ ತೋರಿಸುವುದು ಫಾಂಟು ಮಾತ್ರ. ಫಾಂಟು ಕಳಚಿದೊಡನೆ ಪುಟವೆಲ್ಲ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಹಿರಿಯ ಲೇಖಕರು ಈಗಲೂ ಹಾಗೆಯೇ ಕಳುಹಿಸುತ್ತಾರೆ, ಅವರನ್ನು ದೂರಿ ಫಲವಿಲ್ಲ. ಮೊದಲು ಪರಿವರ್ತಕದಲ್ಲಿ ಯೂನಿಕೋಡಿಗೆ ತನ್ನಿ, ಅರ್ಕಾವತ್ತು, ಒತ್ತಕ್ಷರಗಳಿರುವ ಪದಗಳನ್ನು ಮೂಲದೊಂದಿಗೆ ಹೋಲಿಸಿ, ಆಮೇಲೆ ಅಂಟಿಸಿ.

ಊರ ಹೆಸರುಗಳಿಗಂತೂ ಕಾಪಿಯನ್ನೇ ನಂಬಬೇಕಾಗಿಲ್ಲ. ಮಲಯಾಳ ಪಟ್ಟಿಯಿಂದ ಇಳಿಸುವಾಗ ಮಂಜೇಶ್ವರ 'ಮಂಜೇಶ್ವರಂ' ಆಗಿ ನಮ್ಮ ಮನವಿಯೊಳಗೂ ನುಸುಳುವುದುಂಟು. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೈವಳಿಕೆ ಎಂದು ಒಮ್ಮೆ ಸರಿಯಾಗಿ ಬರೆದು, ಒಂದೊಂದನ್ನೇ ಆಯ್ದು, ಕಂಟ್ರೋಲ್-ಎಫ್3 ಒತ್ತಿ ಎರಡಕ್ಷರದ ಸಂಕ್ಷೇಪದೊಂದಿಗೆ ಆಟೋಟೆಕ್ಸ್ಟ್‌ನಲ್ಲಿ ಸೇರಿಸಿಡಿ. ಮುಂದೆ ಸಂಕ್ಷೇಪ ಬರೆದು ಎಫ್3 ಒತ್ತಿದರೆ ಹೆಸರು ನಾವು ಬರೆಯುವ ರೂಪದಲ್ಲೇ ಬರುತ್ತದೆ.

ಕೀಬೋರ್ಡ್ ವಿಭಾಗದ ಸೇವ್ ಗುಂಡಿಯಿಂದ ನಮ್ಮ ಕೀಲಿಗಳ ಕಡತ ಮಾಡಿ ಕಚೇರಿಯ ಗಣಕದಲ್ಲಿ ಇಟ್ಟಿದ್ದೇವೆ. ಪೆನ್‌ಡ್ರೈವ್ ತಂದರೆ ಹಾಕಿಕೊಡುತ್ತೇವೆ. ಮನೆಯಲ್ಲಿ ಅದೇ ವಿಭಾಗದ ಲೋಡ್ ಗುಂಡಿಯಿಂದ ತೆರೆದರಾಯಿತು.